ಬಿಲ್ಲೆ ನಂಬರ್ 2317

2025ರ ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮಳವಳ್ಳಿ ಪಟ್ಟಣ ಠಾಣೆಗೆ ಬಂದ ಹೆಂಗಸು ಕುರ್ಚಿ ಎಳೆದುಕೊಳ್ಳುವ ಮೊದಲೇ, "ನಮ್ಮನೇಲಿ ಕಳ್ಳತನ ಆಗಿದೆ. ಆದರೆ ಚಿನ್ನ, ದುಡ್ಡು ಏನೂ ಹೋಗಿಲ್ಲ" ಎಂದರು.

"ಮತ್ತೇನು ಹೋಗಿದೆ?" ಸಬ್ ಇನ್‌ಸ್ಪೆಕ್ಟರ್ ನಯನ ಕೇಳಿದಳು.

"ಒಂದು ಬಿಸ್ಕತ್ತಿನ ಡಬ್ಬ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಸ್ವಾಮಿ ನಗು ತಡೆಯಲಾರದೆ ಕೆಮ್ಮಿದ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಮೇಕೆ ಕಳುವು, ಪಂಪ್‌ಸೆಟ್ಟು ಕಳುವು, ಒಮ್ಮೆ ಮದುವೆ ಮನೆಯಿಂದ ಒಂದು ಕೊಳದಪ್ಪಲೆ ಪಾಯಸವೇ ಕಳುವಾದದ್ದನ್ನೂ ಬರೆದುಕೊಂಡಿದ್ದ. ಬಿಸ್ಕತ್ತಿನ ಡಬ್ಬ ಇದೇ ಮೊದಲು. ನಯನ ಅವನತ್ತ ಒಮ್ಮೆ ನೋಡಿದಳು, ಕೆಮ್ಮು ನಿಂತಿತು.

ಬಂದವರು ಚಿತ್ರಾ, ಹೈಸ್ಕೂಲು ಟೀಚರು. ಅವರ ತಂದೆ ತಿರುನಾರಾಯಣ ಅವರಿಗೆ ಎಂಬತ್ತನಾಲ್ಕು. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದ ಕಾಲದಲ್ಲಿ ಗಣಿಯ ಬದಿಯ ಸ್ಟೇಷನ್ನಿನಲ್ಲಿ ಕರೆಂಟು ಇಲಾಖೆಯ ಆಪರೇಟರ್ ಆಗಿದ್ದವರು. ಫೋಟೊ ತೆಗೆಯುವುದು ಅವರ ಹುಚ್ಚು. ಸಂಬಳದಲ್ಲಿ ಅರ್ಧ ರೀಲಿಗೇ ಹಾಕಿ, ಗಣಿಗೆ ಇಳಿಯುವವರು, ಹತ್ತುವವರು, ಅವರ ಸಾಲುಮನೆಗಳು, ನಲ್ಲಿಯ ಮುಂದಿನ ಬಿಂದಿಗೆಗಳು, ಎಲ್ಲವನ್ನೂ ಹಿಡಿದಿದ್ದರು. ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಈಗ ಅವಕ್ಕೆ ಬೆಲೆ ಬಂದಿತ್ತು. ಇದೇ 28ಕ್ಕೆ ಮಂಡ್ಯದಲ್ಲಿ ಅವುಗಳ ಪ್ರದರ್ಶನ ಗೊತ್ತಾಗಿತ್ತು. ನೆಗೆಟಿವ್‌ಗಳನ್ನು ವರ್ಷಕ್ಕೊಂದರಂತೆ ಬಿಸ್ಕತ್ತಿನ ಡಬ್ಬಗಳಲ್ಲಿಟ್ಟಿದ್ದರು. ಹೋಗಿದ್ದು 1966ರ ಡಬ್ಬ.

"ನಿನ್ನೆ ಮದ್ದೂರಲ್ಲಿ ನಮ್ಮ ದೊಡ್ಡಪ್ಪನ ಶ್ರಾದ್ಧ. ಬೆಳಿಗ್ಗೆ ಒಂಬತ್ತಕ್ಕೆ ಹೋದವರು ಮಧ್ಯಾಹ್ನ ಮೂರಕ್ಕೆ ಬಂದ್ವಿ. ಅಷ್ಟರಲ್ಲಿ ಆಗಿದೆ," ಎಂದರು ಚಿತ್ರಾ. "ಅಪ್ಪ ಕಂಪ್ಲೇಂಟೇ ಬೇಡ ಅಂತಾರೆ. ನಾನೇ ಹಟ ಮಾಡಿ ಬಂದೆ."

"ಯಾಕೆ ಬೇಡ ಅಂತಾರೆ?"

"ಅದೇ ಗೊತ್ತಾಗ್ತಿಲ್ಲ ಮೇಡಂ. ಒಂದು ಫೋಟೊ ಮೇಲೆ ಬೆರಳ ಗುರುತಾದರೆ ಮೂರು ದಿನ ಗೊಣಗೋ ಮನುಷ್ಯ ಅವರು."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 118/2025, ವಾಸದ ಮನೆಯಲ್ಲಿ ಕಳವು. ಹನ್ನೆರಡಕ್ಕೆ ನಯನ, ಸ್ವಾಮಿ, ಇಬ್ಬರು ಪಂಚರು ಸ್ಥಳಕ್ಕೆ ಹೋದರು.

ಹಳೆಯ ಹೆಂಚಿನ ಮನೆ. ಹಿತ್ತಿಲ ಬಾಗಿಲಿನ ಅಗುಳಿ ಸಡಿಲವಾಗಿ, ಭುಜ ಕೊಟ್ಟರೆ ತೆರೆದುಕೊಳ್ಳುವಂತಿತ್ತು. ಬಾಗಿಲ ಪಕ್ಕದ ಒದ್ದೆ ಮಣ್ಣನ್ನು ನೋಡಿದ ಸ್ವಾಮಿ ಕುಕ್ಕರಗಾಲಲ್ಲಿ ಕುಳಿತ.

"ಮೇಡಂ, ಇಲ್ ನೋಡಿ. ಚಪ್ಪಲಿ ಬುಟ್ಟು ಒಳಕ್ ಓಗವ್ನೆ!"

ನಿಜ. ಜೋಡಿ ಚಪ್ಪಲಿಯನ್ನು ಒಪ್ಪವಾಗಿ ಪಕ್ಕಪಕ್ಕ ಬಿಟ್ಟ ಗುರುತು. ಒಳಗೆ ನೆಲದ ಮೇಲೆ ಬರಿಗಾಲಿನ ಧೂಳು ಹೆಜ್ಜೆ. ಹೆಜ್ಜೆ ನೇರ ಫೋಟೊ ಕೋಣೆಗೆ ಹೋಗಿ, ನೇರ ವಾಪಸಾಗಿತ್ತು. ಗೋದ್ರೆಜ್ ಬೀರುವಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕೋಣೆಯ ಕಪಾಟಿನಲ್ಲಿ 1965 ಎಂದು ಚೀಟಿ ಅಂಟಿಸಿದ ಡಬ್ಬವಿತ್ತು, 1968 ಇತ್ತು. ನಡುವಿನ ಖಾಲಿ ಜಾಗದಲ್ಲಿ ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಹತ್ತರ ನೋಟು, ಅದರ ಮೇಲೆ ಒಂದು ರೂಪಾಯಿ ನಾಣ್ಯ.

"ಇದು ನೀವಿಟ್ಟಿದ್ದಾ?" ನಯನ ಕೇಳಿದಳು.

"ಅಯ್ಯೋ ಇಲ್ಲಪ್ಪ," ಎಂದರು ಚಿತ್ರಾ. "ನಾನು ನೋಡೇ ಇರಲಿಲ್ಲ."

ಕಳ್ಳನೊಬ್ಬ ತಾಂಬೂಲ ಇಟ್ಟು ಕದ್ದುಹೋಗುವುದೆಂದರೇನು! ಸ್ವಾಮಿ ಪಂಚನಾಮೆ ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದು, "ಇದ್ನ ಯಾವ ಕಾಲಮ್ಮಿಗೆ ಬರೀಲಿ ಮೇಡಂ?" ಎಂದ. ನಯನ ಮದ್ದೂರಿನ ಹುಡುಗಿ. ಅವಳ ಅಜ್ಜಿ ಪಕ್ಕದ ಮನೆಯಿಂದ ಪೂಜೆಗೆ ನಾಲ್ಕು ಹೂ ಕಿತ್ತರೂ ಒಂದು ಎಲೆ ಅಡಿಕೆ ಇಟ್ಟೇ ಬರುತ್ತಿದ್ದಳು, ದೇವರಿಗೂ ಹಿರಿಯರಿಗೂ ಬಿಟ್ಟಿ ತಂದಿದ್ದು ಸಲ್ಲುವುದಿಲ್ಲವೆಂದು. ಆ ನೆನಪು ಅವಳ ತಲೆಯಲ್ಲಿ ಸುಳಿಯಿತು, ಆದರೆ ಬಾಯಿಬಿಡಲಿಲ್ಲ. "ಸಿಕ್ಕ ವಸ್ತುಗಳು ಅಂತ ಬರೀರಿ," ಎಂದಳು.

ತಿರುನಾರಾಯಣ ಹಜಾರದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಮೊಣಕಾಲ ಮೇಲೆ ಒಂದು ದಪ್ಪ ರಿಜಿಸ್ಟರು.

"1965ರ ಡಬ್ಬದಲ್ಲಿ ಏನಿದೆ ಸರ್?"

"ಮೂವತ್ತೆಂಟು ನೆಗೆಟಿವ್. ಮೊದಲನೇದು ಸಂಕ್ರಾಂತಿ ಮಾರನೇ ದಿನ, ಸಾಲುಮನೆ ಮುಂದೆ ಕಬ್ಬು ತಿಂತಿರೋ ಅಕ್ಕ ತಂಗಿ. ಬೆಳಕು ಎಡಗಡೆಯಿಂದ."

"1966ರದ್ದು?"

"ನೆನಪಿಲ್ಲ."

"ಒಂದೂ?"

"ವಯಸ್ಸಾಯ್ತಮ್ಮ."

"ಈಚೆಗೆ ಯಾರಾದರೂ ಆ ಫೋಟೊ ಕೇಳಿಕೊಂಡು ಬಂದಿದ್ರಾ?"

"ಇಲ್ಲ."

ಚಿತ್ರಾ ಬಾಯಿ ತೆರೆದು, ತಂದೆಯ ಮುಖ ನೋಡಿ, ಮುಚ್ಚಿಕೊಂಡರು. ನಯನ ರಿಜಿಸ್ಟರು ಕೇಳಿ ಪಡೆದಳು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ತಾರೀಖು, ಸಮಯ, ಒಂದು ನಂಬರು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಗೇಟಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರಂತೆ. ಹತ್ತಿ ಬಂದವನು ಅದನ್ನು ವಾಪಸ್ ಕೊಡಬೇಕು, ವಾಪಸ್ ಬರದ ಬಿಲ್ಲೆಯವನು ಇನ್ನೂ ಕೆಳಗಿದ್ದಾನೆಂದು ಲೆಕ್ಕ. ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ನಂಬರಿನಿಂದ, ಇವರು ಬರೆದುಕೊಂಡಿದ್ದೂ ಅದನ್ನೇ. 1966ರ ಪುಟದಲ್ಲಿ ಮೂವತ್ತೊಂದು ಸಾಲು. ಕೊನೆಯದು, ಡಿಸೆಂಬರ್ 13, ಬೆಳಿಗ್ಗೆ 7.05, ಬಿಲ್ಲೆ 2317. ಆಮೇಲೆ 1968ರ ತನಕ ಒಂದು ಸಾಲೂ ಇಲ್ಲ.

"ಒಂದು ವರ್ಷದ ಮೇಲೆ ಫೋಟೊನೇ ತೆಗೀಲಿಲ್ವಾ ಸರ್?"

"ಕ್ಯಾಮೆರಾ ಕೆಟ್ಟಿತ್ತು," ಎಂದರು ಮುದುಕರು, ಗೋಡೆಯ ಕಡೆ ನೋಡುತ್ತಾ.

ಈ ಮಾತನ್ನು ನಂಬಲು ನಯನ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಲ್ಲ. ಜೀಪಿನಲ್ಲಿ ಕೂತ ಮೇಲೆ, "ಕದ್ದವನು ಮರ್ಯಾದಸ್ಥ, ಕಳಕೊಂಡವರು ಸುಳ್ಳು ಹೇಳ್ತಾರೆ. ಎಂಥಾ ಕೇಸು ಸಿಕ್ತಪ್ಪ," ಎಂದಳು.

"ಯಾವ್ದೋ ಪೂಜೆಗೆ ತಕ್ಕಂಡ್ ಓಗವ್ನೆ ಮೇಡಂ. ನಮ್ಮೂರ್ ಕಡೆ ಅಂಗೇ," ಎಂದ ಸ್ವಾಮಿ.

"ನನಗೂ ಹಾಗೇ ಅನ್ನಿಸ್ತು. ಬರೋ ಭಾನುವಾರ ಏನು?"

ಸ್ವಾಮಿ ಹಣೆ ಚಚ್ಚಿಕೊಂಡ. ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಸತ್ತವರ ಫೋಟೊ ಮುಂದೆ ಎಡೆ ಇಡುವ ದಿನ. ಎಡೆ ಇಡಬೇಕಾದರೆ ಫೋಟೊ ಬೇಕು. ನೆಗೆಟಿವ್ ಇದ್ದವನು ಅದನ್ನು ಫೋಟೊ ಮಾಡಿಸಲೇಬೇಕು.

ಅಲ್ಲಿಂದ ಮುಂದಿನದು ಕಾಲು ಸವೆಸುವ ಕೆಲಸ. 16ರಿಂದ 18ರ ತನಕ ಸ್ವಾಮಿ ಮಳವಳ್ಳಿ ಮತ್ತು ಮದ್ದೂರಿನ ಇಪ್ಪತ್ತಮೂರು ಸ್ಟುಡಿಯೊ, ಫ್ರೇಮ್ ಅಂಗಡಿ ಹತ್ತಿ ಇಳಿದ. ಹಬ್ಬದ ವಾರ, ಎಲ್ಲ ಅಂಗಡಿಗಳಲ್ಲೂ ಸತ್ತವರದೇ ಸಾಲು. ಆಧಾರ್ ಕಾರ್ಡಿನ ಅಜ್ಜ, ಮದುವೆ ಗುಂಪಿನಿಂದ ಕತ್ತರಿಸಿದ ಅತ್ತೆ, ಒಬ್ಬನಂತೂ ಪಂಚಾಯ್ತಿ ಚುನಾವಣೆ ಪೋಸ್ಟರಿನಲ್ಲಿದ್ದ ಅಪ್ಪನನ್ನು ಕೈ ಮುಗಿದ ಭಂಗಿಯಲ್ಲೇ ದೊಡ್ಡದು ಮಾಡಿಸುತ್ತಿದ್ದ. ಆದರೆ ಹಳೆಯ ನೆಗೆಟಿವ್ ಎಂದರೆ ಅಂಗಡಿಯವರೆಲ್ಲ ನಕ್ಕರು. ಅದನ್ನು ಮಾಡುವ ಯಂತ್ರ ಈಗ ಯಾರ ಹತ್ತಿರವಿದೆ? ಕಡೆಗೆ ಮದ್ದೂರಿನ ಒಬ್ಬ ಹೇಳಿದ, ಮಂಡ್ಯದಲ್ಲಿ ಮಧುಕರ ಅಂತ ಒಬ್ಬರಿದ್ದಾರೆ, ಅವರಪ್ಪನ ಕಾಲದ ಸಾಮಾನು ಇನ್ನೂ ಇಟ್ಟುಕೊಂಡಿದ್ದಾರೆ ಎಂದು.

19ರಂದು ಆ ಸ್ಟುಡಿಯೊಗೆ ಬೀಗ ಬಿದ್ದಿತ್ತು. 20ರ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ನಯನ ಮಧುಕರನ ಮುಂದೆ ನಿಂತಳು.

"ಈ ವಾರ ನೆಗೆಟಿವ್ ತಂದಿದ್ದರಾ ಯಾರಾದರೂ?"

"ಒಬ್ಬರು. ಮಂಗಳವಾರ. ಡಬ್ಬದ ತುಂಬ ತಂದಿದ್ರು. ಒಂದೊಂದೇ ಬೆಳಕಿಗೆ ಹಿಡಿದು ಹುಡುಕಿ, ಒಂದನ್ನ ಮಾತ್ರ ಕೊಟ್ರು."

"ಹೇಗಿದ್ದರು?"

"ಅರವತ್ತರ ಆಸುಪಾಸು. ಹೆಗಲ ಮೇಲೆ ಟವೆಲ್ಲು, ಕುರಿ ವಾಸನೆ. ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದ್ರು, ಬ್ಯಾಡ ಅಂದ್ರೂ ಕೇಳಲಿಲ್ಲ."

"ಹೆಸರು?"

ಮಧುಕರ ಬಿಲ್ ಪುಸ್ತಕ ತೆಗೆದು ತೋರಿಸಿದ. ಹೊನ್ನಯ್ಯ, ಬಂಡೂರು. ಫೋನ್ ನಂಬರು ಕೂಡ ಇತ್ತು. ಸ್ವಾಮಿ ಅದನ್ನು ನೋಡಿ, "ಕಳ್ಳತನಕ್ಕೆ ನಾಲಾಯಕ್ ನನ್ಮಗ," ಎಂದು ಮೆಲ್ಲಗೆ, ಹೆಚ್ಚೂ ಕಮ್ಮಿ ಪ್ರೀತಿಯಿಂದಲೇ ಬೈದ.

ಚಿತ್ರ ಮಧುಕರನ ಕಂಪ್ಯೂಟರಿನಲ್ಲಿ ಉಳಿದಿತ್ತು. ಇಪ್ಪತ್ತನಾಲ್ಕು ಇಪ್ಪತ್ತೈದರ ಗಂಡಸು, ತಲೆಗೆ ಟೋಪಿ, ನಗಬೇಕೋ ಬೇಡವೋ ಎಂದು ಗೊತ್ತಾಗದ ಮುಖ. ಬಲಗೈಯಲ್ಲಿ ಎದೆಯ ಹತ್ತಿರ ಹಿಡಿದ ಬಿಲ್ಲೆ, 2317. ಎಡಗೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಹಿಂದೆ ಗಣಿಯ ಬಾಯಿ, ಇಳಿಸುವ ಪಂಜರ, ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಖು, 13-12-66. ಫೋಟೊ ಕೆಳಗೆ ಅಚ್ಚು ಹಾಕಿಸಿದ್ದ ಹೆಸರು ನಾಗಯ್ಯ. ಮರಣದ ದಿನವೂ ಅದೇ ತಾರೀಖು.

ಮಧ್ಯಾಹ್ನ ಮೂರೂವರೆಗೆ ಆ ಚಿತ್ರದ ಒಂದು ಪ್ರತಿಯನ್ನು ನಯನ ತಿರುನಾರಾಯಣರ ಮುಂದಿನ ಸ್ಟೂಲಿನ ಮೇಲಿಟ್ಟಳು. ಮುದುಕರು ಕನ್ನಡಕ ತೆಗೆದರು.

"ನಾಗಯ್ಯ ಯಾರು ಸರ್?"

"ನಮ್ಮ ಕಡೆಯವನು. ಕರೆಂಟು ಲೈನಿನ ಕೂಲಿಗೆ ಅಂತ ಬಂದು, ಗಣೀಲಿ ಕೂಲಿ ಜಾಸ್ತಿ ಅಂತ ಅಲ್ಲಿಗೆ ಹೋದ. ಆ ಬಿಲ್ಲೆ ಅವನದಲ್ಲ."

"ಮತ್ತೆ?"

"ಇನ್ನೊಬ್ಬನದು. ಅವನು ಕಾಯಿಲೆ ಬಿದ್ದು ಊರಿಗೆ ಹೋಗಿದ್ದ. ಕಂಟ್ರಾಕ್ಟರು ಆ ಬಿಲ್ಲೆ ಮೇಲೆ ಇವನನ್ನ ಬದಲಿಗೆ ಇಳಿಸ್ತಿದ್ದ. ಅವತ್ತು ಹತ್ತು ಗಂಟೆಗೆ ಒಳಗೆ ಬಂಡೆ ಕುಸೀತು. ಬಿಲ್ಲೆಯ ಯಜಮಾನ ಊರಲ್ಲಿ ಬದುಕಿದ್ದ, ಹಾಗಾಗಿ ಲೆಕ್ಕದ ಪ್ರಕಾರ ಯಾರೂ ಸತ್ತಿಲ್ಲ. ನಾಗಯ್ಯನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೆಂಡತಿ ಕಡೆಯವರು ಹುಡುಕ್ಕೊಂಡು ಬಂದಾಗ ಕಂಟ್ರಾಕ್ಟರು, ಅವನು ಯಾವಳನ್ನೋ ಕಟ್ಕೊಂಡು ಓಡಿಹೋದ ಅಂದುಬಿಟ್ಟ."

"ನಿಮ್ಮ ಹತ್ತಿರ ಈ ಫೋಟೊ ಇತ್ತಲ್ಲ?"

"ಇತ್ತು. ನನಗೆ ಇಪ್ಪತ್ತೈದು ವರ್ಷ. ಕೆಲಸ ಹೋಗುತ್ತೆ ಅಂತ ಹೆದರಿಕೆ. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಳಿದರೆ ಏನಂತಾರೋ ಅಂತ ನಾಚಿಕೆ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹೋದ ತಿಂಗಳು ನಾಗಯ್ಯನ ಮಗ ಬಂದಿದ್ದ. ಪೇಪರಿನಲ್ಲಿ ನನ್ನ ಸುದ್ದಿ ನೋಡಿ. ಅವನಪ್ಪ ಬರೆದ ಒಂದು ಕಾರ್ಡು ಇಟ್ಕೊಂಡಿದ್ದ, ಇಲ್ಲಿ ನನ್ನ ನಂಬರು 2317 ಅಂತ ಅದರಲ್ಲಿತ್ತು. ಅಂಥ ಫೋಟೊ ಇಲ್ಲಪ್ಪ ಅಂದೆ. ಈ ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇತ್ತು. ಅವನು ಓದಿದ. ನಾನು ಸುಳ್ಳು ಹೇಳ್ತಿದೀನಿ ಅಂತ ಅವನಿಗೆ ಗೊತ್ತಾಯ್ತು, ಗೊತ್ತಾಯ್ತು ಅಂತ ನನಗೂ ಗೊತ್ತಾಯ್ತು. ಆದರೂ ಕೈ ಮುಗಿದು ಹೋದ."

ಬಾಗಿಲಲ್ಲಿ ನಿಂತಿದ್ದ ಚಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಯನಳಿಗೆ ಮುದುಕರ ಮೇಲೆ ಸಿಟ್ಟು ಬಂತು, ಬೆನ್ನಿಗೇ ಕನಿಕರವೂ ಬಂತು. ಎರಡನ್ನೂ ತಡೆದುಕೊಂಡು ಹೇಳಿಕೆ ಬರೆದುಕೊಂಡಳು.

ಹೊರಗೆ ಸ್ವಾಮಿ ಜೀಪಿನ ಬಾಗಿಲು ತೆಗೆದು, "ಬಂಡೂರ್ಗೆ ಈಗ್ಲೇ ಓಗನ್ವಾ ಮೇಡಂ?" ಎಂದ.

"ಜಪ್ತಿಗೆ ಪಂಚರು ಸಿಗಬೇಕಲ್ಲ."

"ಸಿಕ್ತಾರೆ ಮೇಡಂ."

"ನಾಳೆ ಸಿಗಲಿ."

ಸ್ವಾಮಿ ಅವಳ ಮುಖ ನೋಡಿ, ಅರ್ಥವಾದವನಂತೆ ಸುಮ್ಮನೆ ಬಾಗಿಲು ಹಾಕಿದ.

21ರ ಭಾನುವಾರ ಹನ್ನೆರಡೂ ಕಾಲಿಗೆ ಜೀಪು ಬಂಡೂರಿನ ಹೊನ್ನಯ್ಯನ ಮನೆಯ ಮುಂದೆ ನಿಂತಿತು. ಹಿಂದೆಯೇ ಚಿತ್ರಾರ ಕಾರು. ನಾನೂ ಬರುತ್ತೇನೆಂದು ಮುದುಕರು ಬೆಳಿಗ್ಗೆಯಿಂದ ಹಟ ಹಿಡಿದಿದ್ದರು. ದೊಡ್ಡಿಯಲ್ಲಿ ಗಿಡ್ಡ ಕಾಲಿನ, ಮೈತುಂಬಿದ ಕುರಿಗಳು ಸೊಪ್ಪು ಮೇಯುತ್ತಿದ್ದವು. ಮನೆಯವರೆಲ್ಲ ಹೊಸ ಬಟ್ಟೆ ಉಟ್ಟು ಜಗುಲಿಯ ಮೇಲೆ ಸುಮ್ಮನೆ ನಿಂತಿದ್ದರು. ಬಾಗಿಲು ಮುಚ್ಚಿತ್ತು. ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಬಂದು ಕಾಯುವ ಹೊತ್ತು ಅದು.

ಖಾಕಿ ಕಂಡ ಹೊನ್ನಯ್ಯ ಮೆಟ್ಟಿಲಿಳಿದು ಬಂದ.

"ಬಂದ್ರಾ ಮೇಡಮ್ಮೋರೆ. ನಾಳಿಕ್ ನಾನೇ ಬರನ ಅಂತಿದ್ದೆ. ಡಬ್ಬ ಒಳಗೈತೆ. ಒಂದೂ ಕಳ್ದಿಲ್ಲ."

"ನೀವೇ ತೆಗೆದುಕೊಂಡಿದ್ದಾ?"

"ಊ ಕಣಮ್ಮ."

"ಯಾಕೆ?"

"ಇನ್ನೊಂದ್ಸಲ ಕೇಳನ ಅಂತ್ಲೇ ಎಲೆ ಅಡ್ಕೆ ತಕ್ಕಂಡು ಓಗಿದ್ದೆ. ಬೀಗ ಇತ್ತು. ಇತ್ಲಲ್ಲಿ ಅವ್ರೇನೋ ಅಂತ ಬಾಗ್ಲು ತಳ್ಳುದ್ರೆ ತೆಕ್ಕತು. ಎದುರ್ಗೇ ಪೋಟೊ ಕೋಣೆ, ಅದ್ರಲ್ಲಿ ಡಬ್ಬ. ಬುದ್ಧಿ ಕೆಡ್ತು, ಎತ್ಕಬುಟ್ಟೆ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಮ್ಮವ್ವುನ್ ಕಣ್ಣಿನ್ ನರ ಒಣಗೋಗದಂತೆ. ಇನ್ನಾರ್ ತಿಂಗ್ಳು ಅಂದವ್ರೆ ಡಾಕ್ಟ್ರು. ಐವತ್ತೊಂಬತ್ತು ವರ್ಸ ನಮ್ಮಪ್ಪುಂಗೆ ಎಡೆ ಇಕ್ಕಿಲ್ಲ ಕಣಮ್ಮ ನಾವು. ಓಡೋದೋನ್ಗೆ ಯಾರ್ ಇಕ್ತಾರೆ? ಓಡೋದೋನ್ ಮಗ ಅಂತ್ಲೇ ನಾನ್ ಬೆಳ್ದಿದ್ದು. ಓಡೋದ ಅಂದಿದ್ ದಿನ, ಆ ಪುಸ್ತಕ್ದಲ್ಲಿರೋ ದಿನ ಒಂದೇ, ಗಣೀಲೇ ಸತ್ತವ್ನೆ ಅಂತ ಆಗ್ಲೇ ತಿಳ್ಕಂಡೆ. ಕಣ್ಣಿರೋವಾಗ್ಲೇ ಅವ್ವ ಒಂದ್ಸಲ ನೋಡ್ಲಿ ಅಂತ."

"ನಿಮ್ಮನ್ನ ದಸ್ತಗಿರಿ ಮಾಡಬೇಕು."

"ಮಾಡಿ. ಬಾಗ್ಲು ತೆಗೆಯೋಗಂಟ..."

"ಕಾಯ್ತೀನಿ," ಎಂದಳು ನಯನ.

ಪೊಲೀಸರು, ಪಂಚರು, ಆರೋಪಿ, ಕಳಕೊಂಡವರು, ಎಲ್ಲರೂ ಒಂದೇ ಜಗುಲಿಯ ಮೇಲೆ ನಿಂತು ಮುಚ್ಚಿದ ಬಾಗಿಲು ನೋಡುತ್ತಾ ಕಾದರು. ಸ್ವಾಮಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಮಟನ್ ಸಾರಿನ ಘಮ ಬಾಗಿಲ ಸಂದಿನಿಂದ ಬರುತ್ತಿತ್ತು. ಹತ್ತು ನಿಮಿಷದ ಮೇಲೆ ಹೊನ್ನಯ್ಯನ ತಾಯಿ ಮಂಗಳಮ್ಮ ಮೂರು ಸಲ ಬಾಗಿಲು ತಟ್ಟಿ, ತೆರೆದಳು. ಎಂಬತ್ತರ ಮುದುಕಿ, ಹಣೆಯಲ್ಲಿ ಕಾಸಿನಗಲ ಕುಂಕುಮ.

ಒಳಗೆ ಬಾಳೆಲೆ ತುಂಬ ಎಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಅದರಾಚೆ ನಾಗಯ್ಯ, ಇಪ್ಪತ್ತನಾಲ್ಕರ ವಯಸ್ಸಿನಲ್ಲೇ ನಿಂತುಬಿಟ್ಟವನು, ಮೊಮ್ಮಕ್ಕಳಿಗಿಂತಲೂ ಚಿಕ್ಕವನಾಗಿ ಕಾಣುತ್ತಿದ್ದ.

ತಿರುನಾರಾಯಣ ಮಗಳ ಕೈ ಬಿಡಿಸಿಕೊಂಡು ಮುಂದೆ ಬಂದರು. "ಅಮ್ಮಾ, ಆ ಫೋಟೊ ತೆಗೆದವನು ನಾನೇ. ಅವತ್ತು ಅವನು ಕೆಳಗಿಳಿದಿದ್ದು ಕಣ್ಣಾರೆ ನೋಡಿದೆ. ಹತ್ತಲಿಲ್ಲ. ಅವನು ಓಡಿಹೋಗಲಿಲ್ಲಮ್ಮ. ನನಗೆ ಗೊತ್ತಿತ್ತು, ಹೇಳಲಿಲ್ಲ. ನನ್ನದು ತಪ್ಪಾಯ್ತು."

ಮಂಗಳಮ್ಮ ಮುದುಕರನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಣ್ಣು ಕಿರಿದು ಮಾಡಿ ಅವರ ಮುಖವನ್ನೇ ಹುಡುಕಿದಳು.

"ಅವತ್ತು ಅವ್ರು ಉಂಡಿದ್ರಾ?"

ತಿರುನಾರಾಯಣ ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. "ಕಾಫಿ ಕುಡಿದ್ವಿ ಅಮ್ಮ, ಇಬ್ಬರೂ. ಬುತ್ತಿ ಕಟ್ಕೊಂಡಿದ್ದ. ನೋಡಿ, ಎಡಗೈಲಿದೆ."

ಮುದುಕಿ ಎಡೆಯ ಪಕ್ಕ ಕುಳಿತು, ಮೂಗು ತಾಕುವಷ್ಟು ಹತ್ತಿರ ಬಗ್ಗಿ ಆ ಬುತ್ತಿಯ ಗಂಟನ್ನು ನೋಡಿದಳು. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಜಗುಲಿಯಲ್ಲಿ ನೆರೆದಿದ್ದ ಅಕ್ಕಪಕ್ಕದವರ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು.

"ನೋಡ್ರಪ್ಪಾ, ಎಲ್ಲಾ ಬಂದ್ ನೋಡಿ! ಓಡೋಗೋನು ಬುತ್ತಿ ಕಟ್ಕಂಡು ಗಣಿಗ್ ಇಳ್ದಾನಾ?"

ಎದುರು ಮನೆಯ ಮುದುಕನೊಬ್ಬ ಒಳಗೆ ಬಂದು, ಎಡೆಗೆ ಕೈ ಮುಗಿದ. ಅವನ ಹಿಂದೆ ಇನ್ನೊಬ್ಬ ಬಂದ. ಬೀದಿಯ ಅರ್ಧ ಜನ ಸಾಲಾಗಿ ಬಂದು ಕೈ ಮುಗಿದು ಹೋಗುವ ತನಕ ಹೊನ್ನಯ್ಯ ಕಂಬಕ್ಕೊರಗಿ ಮಗುವಿನಂತೆ ಅತ್ತ. ಯಾವಳೋ ಒಬ್ಬಳು ಮಂಗಳಮ್ಮನ ಹಣೆಯ ಕಡೆ ನೋಡಿ ಏನೋ ಹೇಳಲು ಹೊರಟಳು.

"ಇದ್ನ ಮುಟ್ಟನ ಅಂತ ಯಾವಳಾರ ಬಂದೀರಾ, ಉಸಾರು," ಎಂದಳು ಮುದುಕಿ. ಆಮೇಲೆ ತಿರುನಾರಾಯಣರಿಗೆ, "ನಿಂತೇ ಇದ್ದೀರಲ್ಲ, ಕೂತ್ಕಳಿ ಸ್ವಾಮಿ. ಬಾಳೆಅಣ್ಣಾದ್ರೂ ತಿನ್ನಿ" ಎಂದಳು.

ಪಂಚರ ಸಮಕ್ಷಮ 1966ರ ಡಬ್ಬ, ಮೂವತ್ತೊಂದು ನೆಗೆಟಿವ್ ಜಪ್ತಿಯಾದವು. ಮಧ್ಯಾಹ್ನ ಒಂದು ಹದಿನೈದಕ್ಕೆ ಆರೋಪಿ ಹೊನ್ನಯ್ಯ, 61 ವರ್ಷ, ದಸ್ತಗಿರಿ. ಬೇಡಿ ಹಾಕಲಿಲ್ಲ. ಜೀಪು ಹತ್ತುವ ಮುಂಚೆ ಅವನು ಚಪ್ಪಲಿ ಬಿಡಲು ಹೋದ, ಸ್ವಾಮಿ, "ಲೇ, ಜೀಪ್‌ಗೆಲ್ಲಾ ಬೇಡ ಕಣಯ್ಯ, ಅತ್ಕೊ" ಎಂದು ಗದರಿದ.

22ರಂದು ನ್ಯಾಯಾಲಯದಲ್ಲಿ ತಿರುನಾರಾಯಣ ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟರು, ಜಾಮೀನಾಯಿತು. ಜಪ್ತಿಯಾದ ನೆಗೆಟಿವ್‌ಗಳನ್ನು ಷರತ್ತಿನ ಮೇಲೆ ಅವರಿಗೇ ಮರಳಿಸಲು ಆದೇಶವೂ ಆಯಿತು. 28ಕ್ಕೆ ಮಂಡ್ಯದ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದು ನಾಗಯ್ಯನ ಚಿತ್ರ. ಬಾಕಿ ಚಿತ್ರಗಳ ಕೆಳಗೆಲ್ಲ ಬಿಲ್ಲೆ ನಂಬರು, ಅದರ ಪಕ್ಕ ಒಂದು ಖಾಲಿ ಚೀಟಿ, ದಾರದಲ್ಲಿ ಕಟ್ಟಿದ ಪೆನ್ನು. ಗೊತ್ತಿದ್ದವರು ಹೆಸರು ಬರೆಯಿರಿ ಎಂದು ಮುದುಕರು ಕೈಯಾರೆ ಬೋರ್ಡು ಬರೆದಿದ್ದರು. ಸಂಜೆಯೊಳಗೆ ಏಳು ನಂಬರುಗಳಿಗೆ ಹೆಸರು ಬಂದಿತ್ತು. ಕೋಲಾರದಿಂದ ಬಂದ ಒಂದು ಕುಟುಂಬ ಒಂದು ಚಿತ್ರದ ಮುಂದೆಯೇ ಚಾಪೆ ಹಾಸಿಕೊಂಡು ಕೂತುಬಿಟ್ಟಿತ್ತು. ಮಂಗಳಮ್ಮ ಒಂದೊಂದು ಚಿತ್ರಕ್ಕೂ ಮೂಗು ತಾಕಿಸಿ ನೋಡುತ್ತಾ, "ಇವ್ರು ಯಾರ ಮಕ್ಳೋ, ಇವ್ರಿಗೂ ಯಾರಾರ ಬತ್ತಾರೆ ಬುಡು," ಎಂದು ಮಗನಿಗೆ ಹೇಳುತ್ತಿದ್ದಳು.

ಆ ಸಂಜೆ ಠಾಣೆಗೆ ಮರಳಿದ ನಯನ ಕೇಸ್ ಡೈರಿ ತೆರೆದಳು. ಬಾಡಿ ಒಣಗಿದ ಎರಡು ವೀಳ್ಯದೆಲೆ, ಒಂದು ಅಡಿಕೆ, ಹನ್ನೊಂದು ರೂಪಾಯಿ ಮುದ್ದೆಮಾಲಿನ ಲಕೋಟೆಯಲ್ಲಿದ್ದವು. ಕೃತ್ಯದ ಉದ್ದೇಶ ಎಂಬಲ್ಲಿ ಅವಳು ಬರೆದಳು. "ತನ್ನ ತಂದೆ ಕೆಲಸಕ್ಕೆ ಹೋಗಿದ್ದನೆಂದು ತಾಯಿಗೆ ಕಣ್ಣಿರುವಾಗಲೇ ತೋರಿಸುವುದು. ತೋರಿಸಲಾಗಿದೆ."